ನಡುರಾತ್ರಿ ಮೇಲಿನ ಮನೆಯಲ್ಲಿ ಗೋಲಿ ಆಡುವವರು ಯಾರು? ಅಪಾರ್ಟ್‌ಮೆಂಟಿನ ನಿಗೂಢ ಸದ್ದನ್ನು ಪತ್ತೆ ಹಚ್ಚುವ ಬಗೆ

ಅಪಾರ್ಟ್‌ಮೆಂಟ್ ವಾಸಿಗಳ ದೂರುಗಳಲ್ಲಿ ಇದು ತೀರಾ ಹಳೆಯದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಚಾವಣಿಯಿಂದ ‘ಟಕ್... ಟಕ್.. ಟಕ್ ಟಕ್’ ಎಂದು ಗೋಲಿ ಬಿದ್ದು ಪುಟಿದಂಥ ಸದ್ದು. ಕೆಲವರಿಗೆ ಅದು ಕುರ್ಚಿ ಎಳೆದ ಹಾಗೆ, ಇನ್ನು ಕೆಲವರಿಗೆ ಕುಟ್ಟಾಣಿಯಲ್ಲಿ ಏನೋ ಕುಟ್ಟಿದ ಹಾಗೆ. ಬೆಳಗ್ಗೆ ಮೇಲೆ ಹೋಗಿ “ಆಂಟಿ, ರಾತ್ರಿ ಹೊತ್ತು ಮಕ್ಕಳಿಗೆ ಆಡೋಕೆ ಬಿಡಬೇಡಿ, ನಿದ್ದೆ ಬರ್ತಿಲ್ಲ” ಎಂದರೆ, “ನಮ್ಮನೇಲಿ ಮಕ್ಕಳೇ ಇಲ್ವಲ್ಲಮ್ಮ, ನಮಗೂ ಆ ಸದ್ದು ಮೇಲಿಂದಾನೇ ಕೇಳ್ಸುತ್ತೆ” ಎಂಬ ಉತ್ತರ. ಮೇಲಿನ ಮನೆಗೆ ಬೀಗ ಬಿದ್ದು ತಿಂಗಳಾಗಿದ್ದರಂತೂ ಕತೆ ಬೇರೆಯೇ ದಾರಿ ಹಿಡಿಯುತ್ತದೆ.

ಇದು ನಮ್ಮಲ್ಲಿ ಮಾತ್ರ ಇರುವ ಕತೆಯಲ್ಲ. ಸಿಂಗಪುರದ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಇದೇ ಗೋಲಿ ಸದ್ದು, ಇದೇ ದೆವ್ವದ ಮಾತು ಬಹುಕಾಲದಿಂದ ಇದೆ. ಕಾಂಕ್ರೀಟ್ ಕಟ್ಟಡ ಎದ್ದಲ್ಲೆಲ್ಲ ಈ ದೂರು ಹಿಂದೆಯೇ ಬರುವುದು ನೋಡಿದರೆ, ಗುಟ್ಟು ಮಕ್ಕಳಲ್ಲಾಗಲಿ ದೆವ್ವದಲ್ಲಾಗಲಿ ಇಲ್ಲ, ಕಟ್ಟಡದಲ್ಲೇ ಇದೆ ಎಂದು ಅನುಮಾನಿಸಬೇಕು.

ಮುಖ್ಯ ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಪಾರ್ಟ್‌ಮೆಂಟಿನಲ್ಲಿ ಸದ್ದು ಯಾವ ದಿಕ್ಕಿನಿಂದ ಬಂದಂತೆ ಕೇಳಿಸುತ್ತದೆ ಎಂಬುದು ಅಷ್ಟು ನಂಬಲರ್ಹ ಸಾಕ್ಷಿಯಲ್ಲ. ಅದು ಯಾವಾಗ ಬರುತ್ತದೆ, ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಎಂಬುದು ಅದಕ್ಕಿಂತ ಎಷ್ಟೋ ಗಟ್ಟಿ ಸಾಕ್ಷಿ. ಆದರೆ ನಾವು ಸಾಮಾನ್ಯವಾಗಿ ಮಾಡುವುದು ಇದರ ಉಲ್ಟಾ: ಕಿವಿ ತೋರಿಸಿದ ಮನೆಯ ಬಾಗಿಲು ತಟ್ಟುತ್ತೇವೆ, ಗಂಟೆ ಎಷ್ಟಾಗಿತ್ತು ಎಂದು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ.

ಕಾಯಬಾರದ ಸದ್ದುಗಳು

ಪತ್ತೇದಾರಿಗೆ ಇಳಿಯುವ ಮುನ್ನ ಒಂದು ಎಚ್ಚರಿಕೆ. ಕೆಲವು ಸದ್ದುಗಳನ್ನು ಕುತೂಹಲಕ್ಕೆಂದು ದಿನಗಟ್ಟಲೆ ಗಮನಿಸುತ್ತ ಕೂರುವಂತಿಲ್ಲ. ಸ್ವಿಚ್ ಬೋರ್ಡ್, ಮೀಟರ್ ಬೋರ್ಡ್ ಅಥವಾ ಎಂಸಿಬಿ ಪೆಟ್ಟಿಗೆಯಿಂದ ‘ಚಟಪಟ’ ಎಂದು ಎಣ್ಣೆಗೆ ಸಾಸಿವೆ ಹಾಕಿದಂಥ ಸದ್ದು ಬಂದರೆ ಒಳಗೆ ತಂತಿ ಸಡಿಲವಾಗಿ ಕಿಡಿ ಹಾರುತ್ತಿರಬಹುದು. ಆ ಸರ್ಕ್ಯೂಟ್ ಬಂದ್ ಮಾಡಿ ಎಲೆಕ್ಟ್ರಿಷಿಯನ್‌ರನ್ನು ಕರೆಸಬೇಕು. ಬೋರ್ಡ್ ಬಿಸಿಯಾಗಿದ್ದರೆ ಅಥವಾ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಮೇನ್ ಸ್ವಿಚ್ಚನ್ನೇ ಆಫ್ ಮಾಡಿ. ಅಡುಗೆಮನೆಯಲ್ಲಿ ‘ಸುಸ್’ ಎಂಬ ಸದ್ದಿನ ಜೊತೆ ಗ್ಯಾಸ್ ವಾಸನೆ ಇದ್ದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಕಿಟಕಿ ಬಾಗಿಲು ತೆರೆದು, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಎಲ್ಲರೂ ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ಅದು ಅಡುಗೆ ಅನಿಲ ಸೋರಿಕೆಯ ತುರ್ತು ಸಹಾಯವಾಣಿ. ಗೋಡೆ ಅಥವಾ ಕಂಬದಿಂದ ಬಿರುಕು ಬಿಡುವಂಥ ಸದ್ದು ಬರುತ್ತಿದ್ದು, ಹೊಸ ಬಿರುಕು ಕಾಣಿಸುತ್ತಿದ್ದರೆ, ನೆಟ್ಟಗೆ ಹಾಕುತ್ತಿದ್ದ ಬಾಗಿಲು ಈಗ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದ್ದರೆ, ಅದನ್ನು ನೋಡಬೇಕಾದವರು ಸ್ಟ್ರಕ್ಚರಲ್ ಎಂಜಿನಿಯರ್.

ಇವು ಯಾವುದೂ ಅಲ್ಲ ಎಂದಾದರೆ, ನಿಧಾನವಾಗಿ ಹುಡುಕಲು ಸಮಯವಿದೆ.

ಗಾಳಿಯ ದಾರಿ, ಕಾಂಕ್ರೀಟಿನ ದಾರಿ

ಕಟ್ಟಡದೊಳಗೆ ಸದ್ದು ಎರಡು ದಾರಿಗಳಲ್ಲಿ ಓಡಾಡುತ್ತದೆ. ಮಾತು, ಟಿವಿ, ಹಾಡು ಇವು ಗಾಳಿಯಲ್ಲಿ ಹುಟ್ಟಿ ಗೋಡೆಯನ್ನು ತಟ್ಟುತ್ತವೆ. ಗೋಡೆ ಭಾರವಾಗಿದ್ದಷ್ಟೂ ಅದನ್ನು ಅಲುಗಿಸುವುದು ಕಷ್ಟ, ಹಾಗಾಗಿ ಕಾಂಕ್ರೀಟ್ ಸ್ಲ್ಯಾಬು ಮೇಲಿನವರ ಮಾತನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ನೆಲಕ್ಕೆ ನೇರವಾಗಿ ಏಟು ಬಿದ್ದಾಗ, ಅಥವಾ ಮೋಟಾರೊಂದು ಗೋಡೆಗೆ ಬಿಗಿಯಾಗಿ ಕೂತು ನಡುಗಿದಾಗ, ಕಂಪನ ಕಾಂಕ್ರೀಟಿನೊಳಗೇ ಹುಟ್ಟುತ್ತದೆ. ಆಗ ಭಾರವಾದ ಸ್ಲ್ಯಾಬು ತಡೆಗೋಡೆಯಾಗಿ ಉಳಿಯದೆ ಹೆದ್ದಾರಿಯಾಗುತ್ತದೆ. ಮೇಲಿನ ಮನೆಯಲ್ಲಿ ಜಗಳವಾದರೆ ನಿಮಗೆ ಒಂದಕ್ಷರ ಕೇಳಿಸದು, ಚಮಚ ಬಿದ್ದರೆ ಸ್ಪಷ್ಟವಾಗಿ ಕೇಳಿಸುತ್ತದೆ. ಕಾರಣ ಇದೇ. ನಮ್ಮ ಬಹುತೇಕ ಮನೆಗಳಲ್ಲಿ ಟೈಲ್ಸನ್ನು ಸ್ಲ್ಯಾಬಿನ ಮೇಲೆ ಸಿಮೆಂಟ್ ಗಾರೆಯಲ್ಲೇ ಕೂರಿಸುತ್ತಾರೆ, ನಡುವೆ ಮೆತ್ತನೆಯ ಪದರವೇನೂ ಇರುವುದಿಲ್ಲ. ಇದು ಚಮಚಕ್ಕೆ ಇನ್ನಷ್ಟು ಅನುಕೂಲ.

20 ಡಿಗ್ರಿ ಸೆಲ್ಸಿಯಸ್‌ನ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಕಾಂಕ್ರೀಟಿನಲ್ಲಿ 3000 ಮೀಟರಿಗೂ ಹೆಚ್ಚು, ಉಕ್ಕಿನಲ್ಲಿ 5000ಕ್ಕೂ ಹೆಚ್ಚು. ಐದು ಮಹಡಿ ಕೆಳಗೆ ಸಂಪಿನ ಪಕ್ಕ ಹುಟ್ಟಿದ ಕಂಪನ ನಿಮ್ಮ ಚಾವಣಿಗೆ ತಲುಪಲು ಸೆಕೆಂಡಿನ ಇನ್ನೂರನೇ ಒಂದು ಭಾಗ ಸಾಕು. ಗಾಳಿಯಲ್ಲಾದರೆ ದೂರ ಹೋದಂತೆ ಸದ್ದು ಎಲ್ಲ ದಿಕ್ಕಿಗೂ ಹರಡಿ ಬೇಗ ಕ್ಷೀಣಿಸುತ್ತದೆ. ಕಂಬ, ತೊಲೆ, ಪೈಪುಗಳೊಳಗೆ ಅಷ್ಟು ಬೇಗ ಕ್ಷೀಣಿಸುವುದಿಲ್ಲ.

ಈಗ ಅಸಲಿ ತಮಾಷೆ. ಕಂಪನ ನಿಮ್ಮ ಚಾವಣಿಯ ಸ್ಲ್ಯಾಬಿಗೆ ಬಂದಾಗ ಇಡೀ ಸ್ಲ್ಯಾಬು ಸ್ಪೀಕರಿನ ಹಾಳೆಯಂತೆ ನಡುಗಿ ಕೋಣೆಯ ಗಾಳಿಗೆ ಸದ್ದನ್ನು ಬಿಡುತ್ತದೆ. ನಿಮ್ಮ ಕಿವಿ “ಸದ್ದು ಚಾವಣಿಯಿಂದ ಬಂತು” ಎನ್ನುತ್ತದೆ. ಅದು ಸುಳ್ಳಲ್ಲ. ಆದರೆ ಚಾವಣಿಗೆ ಆ ಸದ್ದು ಎಲ್ಲಿಂದ ಬಂತು ಎಂಬುದನ್ನು ಕಿವಿ ಹೇಳಲಾರದು. ಮೇಲಿನ ಮನೆಯವರಿಗೂ ಅವರ ಚಾವಣಿಯಿಂದಲೇ ಕೇಳಿಸುವುದರಲ್ಲಿ ಆಶ್ಚರ್ಯವೇನಿಲ್ಲ. ಮೊದಲ ಮಹಡಿಯಿಂದ ಕೊನೆಯ ಮಹಡಿಯವರೆಗೂ ಎಲ್ಲರೂ ತಮ್ಮ ತಮ್ಮ ಮೇಲಿನವರನ್ನು ಬೈದುಕೊಳ್ಳುತ್ತಿರುತ್ತಾರೆ!

ಕಿವಿ ಎಲ್ಲಿ ಸೋಲುತ್ತದೆ?

ಎಡಕ್ಕೋ ಬಲಕ್ಕೋ ಎಂಬುದನ್ನು ನಾವು ಮುಖ್ಯವಾಗಿ ಎರಡು ಸುಳಿವುಗಳಿಂದ ಅಳೆಯುತ್ತೇವೆ. ಸದ್ದು ಒಂದು ಕಿವಿಗೆ ಇನ್ನೊಂದಕ್ಕಿಂತ ತುಸು ಮೊದಲು ಮುಟ್ಟುತ್ತದೆ. ಈ ಅಂತರ ಹೆಚ್ಚೆಂದರೆ ಸೆಕೆಂಡಿನ ಹತ್ತು ಸಾವಿರದಲ್ಲಿ ಆರೇಳು ಭಾಗ. ಜೊತೆಗೆ ತಲೆ ಅಡ್ಡ ಬರುವುದರಿಂದ ಆಚೆ ಕಿವಿಗೆ ಸದ್ದು ಸ್ವಲ್ಪ ಕಡಿಮೆ ಕೇಳಿಸುತ್ತದೆ. ಮೇಲೋ ಕೆಳಗೋ ಎಂಬ ಪ್ರಶ್ನೆಗೆ ಈ ಎರಡೂ ಸಾಲವು. ಅಲ್ಲಿ ಕೆಲಸಕ್ಕೆ ಬರುವುದು ಹೊರಕಿವಿಯ ಮಡಿಕೆಗಳು. ಅವು ಸಾವಿರಾರು ಹರ್ಟ್ಝ್‌ನ ತೀಕ್ಷ್ಣ ಸದ್ದುಗಳನ್ನು ಮಾತ್ರ ಗುರುತಿಸುವಷ್ಟು ಬದಲಿಸಬಲ್ಲವು. ಮೋಟಾರಿನ ಗುಂಯ್ ಸದ್ದಿನಂಥ ಮಂದ್ರ ಸದ್ದಿನ ಅಲೆ ಹಲವು ಮೀಟರ್ ಉದ್ದ. ಎರಡಿಂಚಿನ ಕಿವಿ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಸಣ್ಣ ‘ಕೀಂ’ ಸದ್ದೂ ಸುಲಭವಲ್ಲ. 1936ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸ್ಟೀವನ್ಸ್ ಮತ್ತು ನ್ಯೂಮನ್, ಗೋಡೆಗಳ ಪ್ರತಿಧ್ವನಿ ಅಡ್ಡ ಬರದಿರಲಿ ಎಂದು, ಕೇಳುಗನನ್ನು ಕಟ್ಟಡವೊಂದರ ತಾರಸಿಯಲ್ಲಿ ಎತ್ತರದ ಕುರ್ಚಿಯ ಮೇಲೆ ಕೂರಿಸಿ ಬೇರೆ ಬೇರೆ ಸ್ವರಗಳ ದಿಕ್ಕು ಹೇಳಿಸಿದರು. ಅತಿ ಹೆಚ್ಚು ತಪ್ಪಾಗಿದ್ದು 2000ದಿಂದ 4000 ಹರ್ಟ್ಝ್ ನಡುವೆ. ಬ್ಯಾಟರಿ ಮುಗಿಯುತ್ತಿರುವ ಹೊಗೆ ಪತ್ತೆ ಯಂತ್ರ ನಿಮಿಷಕ್ಕೊಮ್ಮೆ ‘ಕೀಂ’ ಎನ್ನುವುದು ಸುಮಾರಾಗಿ ಇದೇ ವ್ಯಾಪ್ತಿಯಲ್ಲಿ. ಯುಪಿಎಸ್, ವಾಟರ್ ಪ್ಯೂರಿಫೈಯರ್‌ಗಳ ಬೀಪ್ ಕೂಡ ಹಲವು ಸಲ ಇಲ್ಲಿಗೇ ಬೀಳುತ್ತದೆ. ಮನೆಮಂದಿಯೆಲ್ಲ ಸೇರಿ ಹುಡುಕಿದರೂ ಆ ಕೀರಲು ಪೆಟ್ಟಿಗೆ ಸಿಗದಿದ್ದರೆ ನಿಮ್ಮ ಕಿವಿಯ ದೋಷವೇನಲ್ಲ. ಅಂದ ಹಾಗೆ, ಇಂಥ ಬೀಪ್ ಹೆಚ್ಚಾಗಿ ಬೆಳಗಿನ ಜಾವವೇ ಶುರುವಾಗುವುದಕ್ಕೂ ಕಾರಣವಿದೆ: ತಂಪಿನಲ್ಲಿ ಬ್ಯಾಟರಿಯ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ.

ಗೋಲಿ ಉರುಳಿಸುವುದು ನೀರೇ?

ಗೋಲಿ ಸದ್ದಿಗೆ ಅಂತರಜಾಲದಲ್ಲಿ ಹತ್ತಾರು ವಿವರಣೆಗಳು ತಿರುಗಾಡುತ್ತವೆ. ಸ್ಲ್ಯಾಬಿನೊಳಗಿನ ಕಬ್ಬಿಣ ಸ್ಪ್ರಿಂಗಿನಂತೆ ಚಿಮ್ಮುತ್ತದೆ ಎಂಬುದು ಅವುಗಳಲ್ಲೊಂದು. ಅದನ್ನು ಒಪ್ಪುವುದು ಕಷ್ಟ, ಏಕೆಂದರೆ ಕಬ್ಬಿಣವನ್ನು ಉದ್ದಕ್ಕೂ ಕಾಂಕ್ರೀಟು ಬಿಗಿಯಾಗಿ ಹಿಡಿದಿರುತ್ತದೆ, ಚಿಮ್ಮಲು ಜಾಗವೇ ಇಲ್ಲ. ಎಲ್ಲ ಗೋಲಿ ಸದ್ದಿಗೂ ಒಂದೇ ಕಾರಣ ಎಂದು ಹೇಳಲಾಗದು, ಕೆಲವೊಮ್ಮೆ ಮೇಲೆ ನಿಜವಾಗಿಯೂ ಗೋಲಿಯೇ ಬಿದ್ದಿರಬಹುದು. ಆದರೆ ಮೊದಲು ಅನುಮಾನಿಸಬೇಕಾದದ್ದು ನೀರಿನ ಪೈಪನ್ನು.

ಹರಿಯುವ ನೀರನ್ನು ತಟ್ಟನೆ ನಿಲ್ಲಿಸಿದರೆ ಅದರ ಆವೇಗ ಒತ್ತಡವಾಗಿ ಬದಲಾಗುತ್ತದೆ, ಆ ಒತ್ತಡದ ಅಲೆ ಪೈಪಿನಲ್ಲಿ ಹಿಂದಕ್ಕೂ ಮುಂದಕ್ಕೂ ಬಡಿದಾಡುತ್ತದೆ. ಇದನ್ನು ವಾಟರ್ ಹ್ಯಾಮರ್ ಎನ್ನುತ್ತಾರೆ, ಕನ್ನಡದಲ್ಲಿ ನೀರ್ಸುತ್ತಿಗೆ ಎನ್ನಬಹುದು. ರಷ್ಯಾದ ವಿಜ್ಞಾನಿ ನಿಕೊಲಾಯ್ ಝುಕೊವ್‌ಸ್ಕಿ ಮಾಸ್ಕೋ ನಗರದ ನೀರು ಸರಬರಾಜು ಕೊಳವೆಗಳ ಮೇಲೆ ಪ್ರಯೋಗ ಮಾಡಿ 1898ರಲ್ಲಿ ಇದರ ಲೆಕ್ಕಾಚಾರ ಪ್ರಕಟಿಸಿದರು. ಆ ಲೆಕ್ಕದ ಪ್ರಕಾರ, ಉಕ್ಕಿನ ಪೈಪಿನಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿಯುತ್ತಿದ್ದ ನೀರನ್ನು ಥಟ್ಟನೆ ತಡೆದರೆ ಒತ್ತಡ ಸುಮಾರು 12 ಬಾರ್ ಏರುತ್ತದೆ. ಅಂದರೆ 120 ಮೀಟರ್, ಹೆಚ್ಚುಕಡಿಮೆ 40 ಮಹಡಿ ಎತ್ತರದ ನೀರಿನ ಕಂಬದ ಒತ್ತಡ, ಒಂದು ಕ್ಷಣಕ್ಕೆ! ಪ್ಲಾಸ್ಟಿಕ್ ಪೈಪು ತುಸು ಹಿಗ್ಗುವುದರಿಂದ ಅದರಲ್ಲಿ ಏರಿಕೆ ಇದಕ್ಕಿಂತ ಬಹಳ ಕಡಿಮೆ. ಆದರೂ ಕ್ಲ್ಯಾಂಪು ಸಡಿಲವಾದ ಪೈಪನ್ನು ಗೋಡೆಗೆ ನಾಲ್ಕು ಸಲ ಬಡಿಸಲು ಸಾಕು.

ನಮ್ಮ ಕಟ್ಟಡಗಳಲ್ಲಿ ನೀರನ್ನು ತಟ್ಟನೆ ನಿಲ್ಲಿಸುವುದು ಯಾರು? ವಾಷಿಂಗ್ ಮಷೀನಿನ ವಿದ್ಯುತ್ ವಾಲ್ವು ಒಂದು. ನಲ್ಲಿಯನ್ನು ನಾವು ತಿರುಗಿಸಿ ನಿಧಾನಕ್ಕೆ ನಿಲ್ಲಿಸುತ್ತೇವೆ, ಅದು ಕ್ಷಣಮಾತ್ರದಲ್ಲಿ ಮುಚ್ಚಿಕೊಳ್ಳುತ್ತದೆ. ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೆತ್ತುವ ಮೋಟಾರು ಇನ್ನೊಂದು. ಮೋಟಾರು ನಿಂತ ಕೂಡಲೇ ಮೇಲೇರುತ್ತಿದ್ದ ನೀರು ವಾಪಸು ಬೀಳಲು ಹೊರಟು, ನಾನ್ ರಿಟರ್ನ್ ವಾಲ್ವನ್ನು ‘ಢಬ್’ ಎಂದು ಬಡಿದು ಮುಚ್ಚುತ್ತದೆ. ಮೂರನೆಯದು ಟ್ಯಾಂಕಿನ ಫ್ಲೋಟ್ ವಾಲ್ವು. ಟ್ಯಾಂಕು ಇನ್ನೇನು ತುಂಬಿತು ಎನ್ನುವಾಗ ನೀರಿನ ಅಲೆಗೆ ತೇಲುಬುಂಡೆ ಮೇಲೆ ಕೆಳಗೆ ಆಡುತ್ತದೆ, ವಾಲ್ವು ತೆರೆದು ಮುಚ್ಚಿ ತೆರೆದು ಮುಚ್ಚಿ ಪೈಪಿನುದ್ದಕ್ಕೂ ಟಕಟಕ ಕಳಿಸುತ್ತದೆ. ಮೋಟಾರು ಟೈಮರಿನಲ್ಲಿ ರಾತ್ರಿ ಓಡುವ ಕಟ್ಟಡಗಳಲ್ಲಿ, ಅಥವಾ ಕಾವೇರಿ ನೀರು ರಾತ್ರಿ ಹೊತ್ತು ಬರುವ ಬೆಂಗಳೂರಿನ ಬಡಾವಣೆಗಳಲ್ಲಿ, ಇದೆಲ್ಲ ನಡೆಯುವುದು ನೀವು ಮಲಗಿದ ಮೇಲೆಯೇ.

ಸದ್ದುಗಳ ನಡುವಿನ ಅಂತರ ಗಮನಿಸುವುದು ಒಳ್ಳೆಯ ಉಪಾಯ. ಪುಟಿಯುವ ವಸ್ತುವಿನ ಒಂದೊಂದು ಪುಟಿತವೂ ಹಿಂದಿನದಕ್ಕಿಂತ ಗಿಡ್ಡ, ಹಾಗಾಗಿ ಟಕ್‌ಗಳು ಹತ್ತಿರ ಹತ್ತಿರವಾಗುತ್ತ ಕೊನೆಗೆ ‘ಟರ್‍ರ್’ ಎಂದು ಮುಗಿಯುತ್ತವೆ. ಅಂತರ ಒಂದೇ ಸಮ ಇದ್ದರೆ ಅದು ಯಂತ್ರ, ವಾಲ್ವು ಅಥವಾ ತೊಟ್ಟಿಕ್ಕುವ ನೀರು. ಅಂತರ ಹೆಚ್ಚುತ್ತಾ ಹೋದರೆ ಅದು ಇನ್ನೊಂದು ಜಾತಿಯ ಸದ್ದು.

ಹಿಗ್ಗುವ ಪೈಪು, ಕುಗ್ಗುವ ಶೀಟು

ಓಡಿಸಿಕೊಂಡು ಬಂದ ಕಾರನ್ನು ನಿಲ್ಲಿಸಿದ ಮೇಲೆ ಬಾನೆಟ್ಟಿನಡಿ ‘ಟಿಕ್ ಟಿಕ್’ ಎಂದು ಶುರುವಾಗಿ, ಕ್ರಮೇಣ ನಿಧಾನವಾಗಿ ನಿಲ್ಲುವುದನ್ನು ಕೇಳಿರುತ್ತೀರಿ. ಬಿಸಿಯಾದ ಲೋಹ ತಣಿದು ಕುಗ್ಗುವ ಸದ್ದು ಅದು. ತಾರಸಿಯ ಮೇಲೆ ಸೋಲಾರ್ ವಾಟರ್ ಹೀಟರ್ ಇರುವ ಕಟ್ಟಡಗಳಲ್ಲಿ ಇದೇ ನಾಟಕ ಬೆಳಗಿನ ಸ್ನಾನದ ಹೊತ್ತಿಗೆ ಗೋಡೆಯೊಳಗೆ ನಡೆಯುತ್ತದೆ. ಬಿಸಿನೀರಿಗೆ ಬಳಸುವ ಸಿಪಿವಿಸಿ ಪೈಪು ಲೋಹಕ್ಕಿಂತ ಹೆಚ್ಚು ಹಿಗ್ಗುವ ವಸ್ತು. ಹತ್ತು ಮೀಟರ್ ಉದ್ದದ ಪೈಪು 30 ಡಿಗ್ರಿ ಬಿಸಿಯೇರಿದರೆ ಸುಮಾರು 2 ಸೆಂಟಿಮೀಟರ್ ಉದ್ದವಾಗುತ್ತದೆ. ಅದೇ ಉದ್ದದ ಕಬ್ಬಿಣದ ಪೈಪು 4 ಮಿಲಿಮೀಟರ್ ಕೂಡ ಹಿಗ್ಗುವುದಿಲ್ಲ. ಗೋಡೆಯ ತೂತಿನಲ್ಲೋ ಕ್ಲ್ಯಾಂಪಿನಲ್ಲೋ ಸಿಕ್ಕಿಕೊಂಡ ಪೈಪು ನಯವಾಗಿ ಜಾರದು. ಸ್ವಲ್ಪ ಹೊತ್ತು ತಡೆದುಕೊಂಡು, ಒಮ್ಮೆಗೇ ಕೂದಲೆಳೆಯಷ್ಟು ಜಿಗಿಯುತ್ತದೆ: ‘ಟಿಕ್’. ಯಾರೋ ನಲ್ಲಿ ತಿರುಗಿಸಿದ ಒಂದೆರಡು ನಿಮಿಷಕ್ಕೆ ಶುರುವಾಗಿ, ಬರಬರುತ್ತ ವಿರಳವಾಗುವ ಸದ್ದಾದರೆ ಅನುಮಾನ ಇದರ ಮೇಲಿರಲಿ.

ತಾರಸಿಗೆ ಹೊದಿಸಿದ ಶೀಟಿನ ಚಾವಣಿ ಇದರ ಅಣ್ಣ. ಬಿಸಿಲು ಇಳಿದ ಮೇಲೆ, ಮಳೆ ಹನಿ ಬಿದ್ದ ಕೂಡಲೇ, ‘ಢಣ್’ ಎಂದು ಗುಂಡು ಹಾರಿದಂತೆ ಸದ್ದು ಮಾಡುವುದೂ ಉಂಟು.

ಗುಂಯ್ ಎನ್ನುವ ಕೋಣೆ

ಟಕ್‌ ಸದ್ದಿಗಿಂತ ಕಾಡುವುದು ನಿಲ್ಲದ ಗುಂಯ್ ಸದ್ದು. ಇಲ್ಲಿ ಅದರ ಶ್ರುತಿಯೇ ಸುಳಿವು. ನಮ್ಮ ವಿದ್ಯುತ್ತು 50 ಹರ್ಟ್ಝ್‌ನದು. ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಪ್ರತಿ ಆವರ್ತದಲ್ಲಿ ಎರಡು ಸಲ ಹಿಗ್ಗಿ ಕುಗ್ಗುವುದರಿಂದ ಅದು ಗುನುಗುವುದು 100 ಹರ್ಟ್ಝ್‌ನಲ್ಲಿ. ನೀರಿನ ಮೋಟಾರಿನ ಮೇಲಿರುವ ಪಟ್ಟಿಯಲ್ಲಿ 2880 ಆರ್‌ಪಿಎಂ ಎಂದಿದ್ದರೆ ಅದು ಸೆಕೆಂಡಿಗೆ 48 ಸುತ್ತು, ಅಂದರೆ ಅದರ ಮೂಲ ಕಂಪನ 48 ಹರ್ಟ್ಝ್. ಮೊಬೈಲಿನಲ್ಲಿ ಸದ್ದಿನ ಆವರ್ತನ ತೋರಿಸುವ ಉಚಿತ ಆ್ಯಪ್‌ಗಳಿವೆ. ಜರ್ಮನಿಯ ಆಹೆನ್ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿದ ‘ಫೈಫಾಕ್ಸ್’ ಅವುಗಳಲ್ಲೊಂದು. ಪರದೆಯಲ್ಲಿ 100ರ ಬಳಿ ಗೆರೆ ಎದ್ದಿದ್ದರೆ ವಿದ್ಯುತ್ ಉಪಕರಣದ ಕಡೆ, 48ರ ಬಳಿ ಇದ್ದರೆ ಮೋಟಾರಿನ ಕಡೆ ನಡೆಯಿರಿ.

ಒಂದೇ ಕೋಣೆಯಲ್ಲಿ ಗಂಡನಿಗೆ ಕೇಳಿಸುವ ಗುಂಯ್ ಹೆಂಡತಿಗೆ ಕೇಳಿಸದಿರಬಹುದು, ಮತ್ತು ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಹನ್ನೊಂದು ಅಡಿ ಅಗಲದ ಬೆಡ್‌ರೂಮನ್ನು ತೆಗೆದುಕೊಳ್ಳಿ. ಎದುರುಬದುರು ಗೋಡೆಗಳ ನಡುವೆ ಅಲೆ ಹೋಗಿ ಬಂದು ತನ್ನ ಮೇಲೆ ತಾನೇ ಕೂತು ಬಲಗೊಳ್ಳುವುದು ಸುಮಾರು 51 ಹರ್ಟ್ಝ್‌ನಲ್ಲಿ. 48 ಹರ್ಟ್ಝ್‌ನ ಮೋಟಾರಿಗೆ ಅದು ತೀರಾ ಹತ್ತಿರ. ಇಂಥ ನಿಂತ ಅಲೆಯಲ್ಲಿ ಗೋಡೆಗಳ ಬಳಿ ಸದ್ದು ಜೋರು, ಕೋಣೆಯ ನಡುಮಧ್ಯೆ ತೀರಾ ಕಡಿಮೆ. ಗೋಡೆಗೆ ತಲೆಯಿಟ್ಟು ಮಲಗಿದವರಿಗೆ ನಿದ್ದೆಯಿಲ್ಲ. “ಎಲ್ಲಿ, ನನಗೇನೂ ಕೇಳಿಸ್ತಿಲ್ಲ” ಎನ್ನುವವರು ಕೋಣೆಯ ನಡುವೆ ನಿಂತಿರುತ್ತಾರೆ. ಮಂಚವನ್ನು ಮೂರಡಿ ಸರಿಸಿ ನೋಡಿ. ಕಾಸಿಲ್ಲದ ಪ್ರಯೋಗ.

ಮೊಬೈಲ್ ಆ್ಯಪಿನ ಡೆಸಿಬೆಲ್ ಅಂಕಿಯನ್ನು ಮಾತ್ರ ಗುಂಯ್ ಸದ್ದಿನ ವಿಷಯದಲ್ಲಿ ನೆಚ್ಚಿಕೊಳ್ಳಬೇಡಿ. ಇಂಥ ಅಳತೆಗಳು ಸಾಮಾನ್ಯವಾಗಿ ‘ಎ’ ತೂಕದವು: ಮಂದ್ರ ಸದ್ದುಗಳಿಗೆ ನಮ್ಮ ಕಿವಿ ಮಂದ ಎಂದು ಅವನ್ನು ಕಡಿತ ಮಾಡಿ ಲೆಕ್ಕ ಹಾಕುತ್ತವೆ. 50 ಹರ್ಟ್ಝ್‌ನಲ್ಲಿ ಈ ಕಡಿತ 30 ಡೆಸಿಬೆಲ್. ಕೋಣೆಯಲ್ಲಿ ನಿಜಕ್ಕೂ 60 ಡೆಸಿಬೆಲ್‌ನ ಗುಂಯ್ ಇದ್ದರೂ ಪರದೆಯ ಮೇಲೆ ಬರುವುದು 30. “ನೋಡಿ, ಲೈಬ್ರರಿಗಿಂತ ಕಮ್ಮಿ ಸದ್ದಿದೆ” ಎಂದು ಅಸೋಸಿಯೇಷನ್‌ನವರು ಕೈತೊಳೆದುಕೊಳ್ಳಲು ಇಷ್ಟು ಸಾಕು.

ಗಡಿಯಾರದ ಸಾಕ್ಷಿ

ಇನ್ನು ಪತ್ತೆ ಹಚ್ಚುವ ಕೆಲಸ. ಒಂದು ವಾರ, ಸದ್ದು ಕೇಳಿದಾಗಲೆಲ್ಲ ಗಂಟೆ, ಎಷ್ಟು ಹೊತ್ತು, ಎಂಥ ಸದ್ದು, ಯಾವ ಕೋಣೆ ಇಷ್ಟನ್ನು ಬರೆದಿಡಿ. ಸಾಧ್ಯವಾದರೆ ಮೊಬೈಲನ್ನು ಗೋಡೆಗೆ ಒರಗಿಸಿ ರೆಕಾರ್ಡ್ ಮಾಡಿ. ಸದ್ದಿಲ್ಲದ ರಾತ್ರಿಗಳನ್ನೂ ಬರೆಯಬೇಕು, ಅದನ್ನು ಬಹಳ ಮಂದಿ ಬಿಡುತ್ತಾರೆ. ಬಂದ ದಿನಗಳನ್ನಷ್ಟೇ ನೆನಪಿಟ್ಟರೆ ಯಾರ ಮೇಲೆ ಬೇಕಾದರೂ ಅನುಮಾನ ಕೂರುತ್ತದೆ, ಯಾಕೆಂದರೆ ಮೇಲಿನವರು ದಿನವೂ ಮನೆಯಲ್ಲೇ ಇರುತ್ತಾರೆ.

ಉದಾಹರಣೆಗೆ ಹೀಗೊಂದು ಪಟ್ಟಿ ಸಿಕ್ಕಿತು ಎಂದುಕೊಳ್ಳೋಣ. ಸೋಮವಾರ 11.40, ಮಂಗಳವಾರ 11.55, ಬುಧವಾರ ಇಲ್ಲ, ಗುರುವಾರ 11.35, ಶುಕ್ರವಾರ 11.50. ಪ್ರತಿ ಸಲವೂ ಮೊದಲು ಸಣ್ಣ ಗುಂಯ್, ಅರ್ಧ ಗಂಟೆಯ ನಂತರ ಒಂದು ‘ಢಬ್’, ಆಮೇಲೆ ನಿಶ್ಶಬ್ದ. ಮನುಷ್ಯರು ಇಷ್ಟು ಶಿಸ್ತಾಗಿ ಗಲಾಟೆ ಮಾಡುವುದಿಲ್ಲ. ಬುಧವಾರ ಏನಾಗಿತ್ತು ಎಂದು ವಾಚ್‌ಮನ್ ಅಣ್ಣನನ್ನು ಕೇಳಿದರೆ “ಅವತ್ತು ಟ್ಯಾಂಕರ್ ಬಂದಿರ್ಲಿಲ್ಲ ಸಾರ್, ಮೋಟಾರ್ ಹಾಕ್ಲಿಲ್ಲ” ಎಂದಾನು. ಅಲ್ಲಿಗೆ ಮುಕ್ಕಾಲು ಕೇಸು ಮುಗಿಯಿತು. ಕಟ್ಟಡದ ಯಾವ ಯಂತ್ರ ಯಾವಾಗ ಓಡುತ್ತದೆ ಎಂಬುದು ಅಧ್ಯಕ್ಷರಿಗಿಂತ ವಾಚ್‌ಮನ್‌ಗೆ ಚೆನ್ನಾಗಿ ಗೊತ್ತಿರುತ್ತದೆ.

ಆಮೇಲೆ ನಿಲ್ಲಿಸಿ ನೋಡುವ ಪರೀಕ್ಷೆ. ಸದ್ದು ಬರುತ್ತಿರುವಾಗ ಒಂದು ಸಲಕ್ಕೆ ಒಂದನ್ನು ಮಾತ್ರ ಬಂದ್ ಮಾಡಿ. ಮೊದಲು ನಿಮ್ಮದೇ ಮನೆಯ ಮೇನ್ ಸ್ವಿಚ್. ಸದ್ದು ನಿಂತರೆ ಅಪರಾಧಿ ನಿಮ್ಮದೇ ಫ್ರಿಜ್ಜೋ ಯುಪಿಎಸ್ಸೋ ಇರಬಹುದು, ಮೇಲಿನವರ ಬಾಗಿಲು ತಟ್ಟುವ ಮೊದಲೇ ಗೊತ್ತಾಗುವುದು ಒಳ್ಳೆಯದಲ್ಲವೇ? ನಂತರ ನಿಮ್ಮ ಮನೆಯ ನೀರಿನ ವಾಲ್ವು. ಆಮೇಲೆ ಅಸೋಸಿಯೇಷನ್ ಒಪ್ಪಿಗೆಯಿಂದ ಮೋಟಾರು, ಪ್ರೆಷರ್ ಪಂಪು, ಲಿಫ್ಟು. ಒಂದು ಸಲ ನಿಂತಿತು ಎಂಬುದು ಸಾಲದು. ಮತ್ತೆ ಹಾಕಿದಾಗ ಸದ್ದು ಮರಳಬೇಕು, ಮತ್ತೆ ನಿಲ್ಲಿಸಿದಾಗ ಹೋಗಬೇಕು. ಇದು ಮೂರು ಸಲವೂ ಹೊಂದಿದರೆ ಕಾಕತಾಳೀಯ ಎನ್ನುವವರು ಯಾರೂ ಇರುವುದಿಲ್ಲ.

ಜಾಗ ಹುಡುಕಲು ಗಾಳಿಯ ಸದ್ದನ್ನು ಬಿಟ್ಟು ಕಂಪನವನ್ನೇ ಕೇಳಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪೈಪಿಗೆ ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ತಾಗಿಸುವುದು ಮೆಕ್ಯಾನಿಕ್‌ಗಳ ಹಳೆಯ ವಿದ್ಯೆ. ನೆಲದಡಿಯ ಪೈಪು ಸೋರುವುದನ್ನು ಹುಡುಕಲು ನೀರು ಸರಬರಾಜಿನ ಸಿಬ್ಬಂದಿ ಬಳಸುವ ಕೇಳುಕೋಲೂ ಇದೇ ತತ್ವದ್ದು. ತಿರುಗುವ ಯಂತ್ರ ಮತ್ತು ವಿದ್ಯುತ್ ಪೆಟ್ಟಿಗೆಗಳ ಬಳಿ ಇದನ್ನು ಮಾಡಬೇಡಿ. ಒಂದೇ ಡಕ್ಟಿನಲ್ಲಿ ಮಹಡಿ ಮಹಡಿಗೂ ಕೇಳುತ್ತ ಹೋದರೆ ಸದ್ದು ಎತ್ತ ಏರುತ್ತದೆ ಎಂಬುದು ತಿಳಿಯುತ್ತದೆ. ಡಕ್ಟಿನಲ್ಲಿ ಪಾರಿವಾಳದ ಸಂಸಾರ ಸಿಕ್ಕರೆ ಅದೂ ಒಂದು ಉತ್ತರವೇ.

ರಾತ್ರಿಯೇ ಏಕೆ ಎಂದು ಕೇಳುವವರಿಗೆ ಅರ್ಧ ಉತ್ತರ ಸರಳ: ಹಗಲಿನ ಗದ್ದಲ ಅದನ್ನು ಮುಚ್ಚಿರುತ್ತದೆ. ಉಳಿದರ್ಧ, ರಾತ್ರಿ ಯಾರೂ ನಲ್ಲಿ ತಿರುಗಿಸದ ಕಾರಣ ಕೊಳವೆಗಳಲ್ಲಿ ಒತ್ತಡ ಏರುತ್ತದೆ. ಸೋರುವ ಫ್ಲಶ್ ಟ್ಯಾಂಕು, ಹಳೆಯ ವಾಲ್ವು ಹಗಲಿಗಿಂತ ಜೋರಾಗಿ ಸಿಳ್ಳೆ ಹಾಕುತ್ತವೆ.

ಸಿಕ್ಕಿದರೂ ನಿಲ್ಲದ ಸದ್ದು

ಕಟ್ಟಡದೊಳಗೆ ಏನೂ ಸಿಗದಿದ್ದರೆ ಹೊರಗೆ ನೋಡಬೇಕು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 2006ರಲ್ಲಿ ಮುಗಿದ ಬೀಥಮ್ ಟವರ್ ಎಂಬ 47 ಮಹಡಿಯ ಕಟ್ಟಡ ಜೋರು ಗಾಳಿ ಬೀಸಿದಾಗ ಊರಿಗೆಲ್ಲ ಕೇಳುವಂತೆ ಊಳಿಡುತ್ತದೆ. ನೆತ್ತಿಯ ಮೇಲಿನ ಗಾಜಿನ ಅಲಂಕಾರ ಅದಕ್ಕೆ ಕಾರಣ. ಕೆನಡಾದ ವಿಂಡ್ಸರ್ ನಗರದವರನ್ನು ವರ್ಷಗಟ್ಟಲೆ ಕಾಡಿದ ಗುಂಯ್ ಸದ್ದು, ನದಿಯಾಚೆ ಅಮೆರಿಕದ ಝಗ್ ಐಲೆಂಡಿನ ಉಕ್ಕಿನ ಕಾರ್ಖಾನೆ 2020ರಲ್ಲಿ ಕೆಲಸ ನಿಲ್ಲಿಸಿದಾಗ ನಿಂತಿತು. ನಿಲ್ಲಿಸಿ ನೋಡುವ ಪರೀಕ್ಷೆ ಊರಿನ ಮಟ್ಟದಲ್ಲಿ ತಾನಾಗಿಯೇ ನಡೆದಂತಾಯಿತು.

ಇವೆರಡಕ್ಕಿಂತ ಪಾಠವಿರುವುದು ಅಮೆರಿಕದ ಇಂಡಿಯಾನಾ ರಾಜ್ಯದ ಕೊಕೊಮೊ ಊರಿನಲ್ಲಿ. ಅಲ್ಲಿ 1999ರಿಂದ ಜನ ಗುಂಯ್ ಸದ್ದಿನ ದೂರು ಹೇಳತೊಡಗಿದರು. ನಗರಾಡಳಿತ ತಜ್ಞರನ್ನು ಕರೆಸಿ ಅಳೆಸಿತು. 2003ರ ವರದಿಯಲ್ಲಿ ಎರಡು ಮೂಲಗಳು ಸಿಕ್ಕವು: ಒಂದು ಕಾರ್ಖಾನೆಯ ಕೂಲಿಂಗ್ ಟವರಿನಿಂದ 36 ಹರ್ಟ್ಝ್, ಇನ್ನೊಂದರ ಏರ್ ಕಂಪ್ರೆಸರಿನಿಂದ 10 ಹರ್ಟ್ಝ್. ಎರಡನ್ನೂ ಸರಿಪಡಿಸಿದರು. ಆದರೂ ಕೆಲವರಿಗೆ ಸದ್ದು ಕೇಳುತ್ತಲೇ ಇತ್ತು.

ಅವರು ಸುಳ್ಳು ಹೇಳುತ್ತಿದ್ದರು ಎಂದೇನೂ ಅಲ್ಲ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಸಂಶೋಧಕರು ಕಿವಿಯ ದೋಷವಿಲ್ಲದ 80 ಮಂದಿಯನ್ನು ನಿಶ್ಶಬ್ದ ಕೋಣೆಯಲ್ಲಿ ಕೂರಿಸಿ, ಏನು ಕೇಳಿಸುತ್ತದೆ ಎಂದು ಕೇಳಿದರು. ಶೇಕಡ 94 ಮಂದಿ ಒಂದಲ್ಲ ಒಂದು ಸದ್ದು ಕೇಳುತ್ತಿದೆ ಎಂದರು. ಸುತ್ತಲಿನ ಸದ್ದು ಸಾಕಷ್ಟು ಇಳಿದಾಗ ನಮ್ಮ ಶ್ರವಣವ್ಯೂಹದ ಸದ್ದು ನಮಗೇ ಕೇಳಿಸಬಹುದು. ಅದು ಜೋರಾಗಿ, ಸದಾ ಇದ್ದರೆ ಟಿನಿಟಸ್, ಆಡುಮಾತಿನಲ್ಲಿ ಕಿವಿ ಗುಯ್‌ಗುಟ್ಟುವುದು. ಪರೀಕ್ಷೆ ಸುಲಭ. ಎರಡೂ ಕಿವಿ ಮುಚ್ಚಿಕೊಳ್ಳಿ: ಹೊರಗಿನ ಸದ್ದು ಕಡಿಮೆಯಾಗಬೇಕು, ಒಳಗಿನದಾದರೆ ಇದ್ದಷ್ಟೇ ಇರುತ್ತದೆ ಅಥವಾ ಹೆಚ್ಚುತ್ತದೆ. ಬೇರೆ ಊರಿಗೆ ಹೋದಾಗಲೂ ಅದೇ ಸದ್ದು ಜೊತೆಗೆ ಬಂದರೆ ಪ್ಲಂಬರ್ ಬೇಡ, ಕಿವಿ ಮೂಗು ಗಂಟಲು ತಜ್ಞರು ಬೇಕು. ನಾಡಿಬಡಿತದ ಲಯಕ್ಕೆ ಸರಿಯಾಗಿ ಬಡಿಯುವ ಸದ್ದಾದರೆ, ಅಥವಾ ಒಂದೇ ಕಿವಿಯಲ್ಲಿದ್ದು ಕಿವುಡು ತಲೆಸುತ್ತು ಜೊತೆಗಿದ್ದರೆ, ತಡಮಾಡದೆ ತೋರಿಸಬೇಕು.

ದೆವ್ವದ ವಿಷಯಕ್ಕೂ ಒಂದು ಕತೆಯಿದೆ. ಇಂಗ್ಲೆಂಡಿನ ಎಂಜಿನಿಯರ್ ವಿಕ್ ಟ್ಯಾಂಡಿ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಜನರಿಗೆ ಕಾರಣವಿಲ್ಲದೆ ಭಯವಾಗುತ್ತಿತ್ತು. ಒಮ್ಮೆ ಅವರಿಗೇ ಕಣ್ಣಂಚಿನಲ್ಲಿ ಬೂದು ಆಕೃತಿ ಕಂಡಿತು. ಮರುದಿನ, ಹಿಡಿಕೆಗೆ ಸಿಕ್ಕಿಸಿದ್ದ ಕತ್ತಿವರಸೆಯ ಕತ್ತಿ ತಾನಾಗಿ ಕಂಪಿಸುವುದನ್ನು ನೋಡಿ ಅವರು ಹುಡುಕಿದಾಗ ಸಿಕ್ಕಿದ್ದು ಹೊಸದಾಗಿ ಹಾಕಿದ ಎಕ್ಸಾಸ್ಟ್ ಫ್ಯಾನು. ಅದು ಕೋಣೆಯಲ್ಲಿ ಸುಮಾರು 19 ಹರ್ಟ್ಝ್‌ನ, ಕಿವಿಗೆ ಕೇಳದ ನಿಂತ ಅಲೆ ಎಬ್ಬಿಸುತ್ತಿತ್ತು. 1998ರಲ್ಲಿ ಅವರು ಇದನ್ನು ಲೇಖನವಾಗಿ ಪ್ರಕಟಿಸಿದರು. ಇಂಥ ಕಂಪನ ಎಲ್ಲರಿಗೂ ದೆವ್ವ ತೋರಿಸುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಆದರೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವ ಮೊದಲು ಫ್ಯಾನು ಆಫ್ ಮಾಡಿ ನೋಡುವುದು ಕಷ್ಟವೇನಲ್ಲ.

ಕಾರಣ ಸಿಕ್ಕಿದ ಮೇಲೆ

ಪರಿಹಾರಗಳು ಹೆಚ್ಚಾಗಿ ಸಾದಾ ಆಗಿರುತ್ತವೆ. ಸಡಿಲ ಪೈಪಿಗೆ ರಬ್ಬರ್ ಹೊದಿಸಿದ ಕ್ಲ್ಯಾಂಪು, ಮೋಟಾರಿನಡಿ ರಬ್ಬರ್ ಪ್ಯಾಡು, ಮೋಟಾರಿಗೂ ಪೈಪಿಗೂ ನಡುವೆ ಬಾಗುವ ತುಂಡು, ನಿಧಾನಕ್ಕೆ ಮುಚ್ಚುವ ನಾನ್ ರಿಟರ್ನ್ ವಾಲ್ವು, ಕುರ್ಚಿಯ ಕಾಲಿಗೆ ಫೆಲ್ಟ್ ಬಿಲ್ಲೆ. ಮೋಟಾರಿನ ಹೊತ್ತನ್ನು ರಾತ್ರಿ ಹನ್ನೊಂದರಿಂದ ಸಂಜೆ ಆರಕ್ಕೆ ಬದಲಿಸಿದರೆ ಕೆಲವೆಡೆ ಖರ್ಚೇ ಇಲ್ಲದೆ ಮುಗಿಯುತ್ತದೆ. ಚಾವಣಿಗೆ ಥರ್ಮೋಕೋಲ್ ಹಚ್ಚುವುದಕ್ಕೆ ಮಾತ್ರ ದುಡ್ಡು ಹಾಕಬೇಡಿ. ಹಗುರ ಹಲಗೆಯಿಂದ ಕಾಂಕ್ರೀಟಿನ ಕಂಪನ ನಿಲ್ಲುವುದಿಲ್ಲ.

ಮಾತಿಗೆ ಬಗ್ಗದಿದ್ದರೆ ಕಾನೂನೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. ಇದೂ ಎ ತೂಕದ ಅಳತೆಯೇ, ಹಾಗಾಗಿ ಡಿಜೆಗೆ ಅನ್ವಯಿಸಿದಷ್ಟು ಸುಲಭವಾಗಿ ಗುಂಯ್ ಸದ್ದಿಗೆ ಅನ್ವಯಿಸದು. ಅಸೋಸಿಯೇಷನ್‌ಗೆ ಬರೆಯುವ ಪತ್ರದಲ್ಲಿ “ತುಂಬಾ ಸದ್ದು, ಕ್ರಮ ಕೈಗೊಳ್ಳಿ” ಎಂಬ ಸಾಲಿನ ಬದಲು ಏಳು ದಿನದ ಪಟ್ಟಿ, ರೆಕಾರ್ಡಿಂಗು, ಮೋಟಾರು ಹಾಕಿ ನಿಲ್ಲಿಸಿದ ಸಮಯ ಇವನ್ನು ಲಗತ್ತಿಸಿ. ಮೇಲಿನ ಮನೆಗೆ ಹೋಗಲೇಬೇಕಿದ್ದರೆ ಅದೇ ಪಟ್ಟಿ ಹಿಡಿದು ಹೋಗಿ, “ಆಂಟಿ, ನಿನ್ನೆ ರಾತ್ರಿ 11.40ಕ್ಕೆ ನಿಮಗೂ ಈ ಸದ್ದು ಕೇಳಿಸ್ತಾ?” ಎಂದು ಕೇಳಿ.